ಸೇವೆ ನಿಲ್ಲಿಸುವ ನೋಟಿಸು

ಬಾರ್ಗಾನಿನ ಸೈನ್ಯ ಪಕ್ಕದ ಲೆವಿನಾ ದೇಶದೊಳಕ್ಕೆ ನುಗ್ಗಿ ಅಂದಿಗೆ ಹದಿಮೂರು ದಿನ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ನಿಯಂತ್ರಣ ಕೇಂದ್ರಕ್ಕೆ ನೀಲಾಂಬಿಕಾ ಬಳಿಗಾರ ಬೆಳಗಿನ ಪಾಳಿಗೆ ಬಂದಾಗ ಗೋಡೆಯಗಲದ ಪರದೆಯ ಮೇಲೆ ಎರಡೂ ದೇಶಗಳ ತುಂಬ ಹಸಿರು ಚುಕ್ಕಿಗಳು ಎಂದಿನಂತೆ ಇದ್ದವು. ಒಂದು ಚುಕ್ಕಿ ಎಂದರೆ ಒಬ್ಬ ರೋಗಿ.

ಮೂತ್ರಪಿಂಡ ಕೈಕೊಟ್ಟವರು ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್‌ಗೆ ಮಲಗುವ ಕಾಲ ಮುಗಿದು ಎಂಟು ವರ್ಷವಾಗಿತ್ತು. ಈಗ ಸೊಂಟಕ್ಕೆ ಕಟ್ಟಿಕೊಳ್ಳುವ ಯಂತ್ರ ಬಂದಿತ್ತು. ಕಂಪನಿ ಅದಕ್ಕೊಂದು ಉದ್ದನೆಯ ಹೆಸರಿಟ್ಟಿತ್ತು. ಹುಬ್ಬಳ್ಳಿಯ ಜನ ಅದನ್ನು ಡಬ್ಬಿ ಎಂದು ಕರೆದು ಮುಗಿಸಿದರು. ನೋಡಲು ಊಟದ ಡಬ್ಬಿಯಷ್ಟೇ. ಒಳಗೆ ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳ ತೆಳುವಾದ ಪದರ. ರಕ್ತ ಆ ಪದರದ ಮೂಲಕ ಹಾದು ಶುದ್ಧವಾಗುತ್ತದೆ, ಕೊಳೆನೀರು ಪಕ್ಕದ ಚೀಲಕ್ಕೆ ಇಳಿಯುತ್ತದೆ. ಎಷ್ಟು ನೀರು, ಎಷ್ಟು ಉಪ್ಪು ತೆಗೆಯಬೇಕೆಂಬುದು ಮಾತ್ರ ಡಬ್ಬಿಗೆ ತಾನಾಗಿ ತಿಳಿಯುವುದಿಲ್ಲ. ಮೂರು ದಿನಕ್ಕೊಮ್ಮೆ ಅದು ರೋಗಿಯ ಅಳತೆಗಳನ್ನು ಮೊಬೈಲ್ ಗೋಪುರಗಳ ಮೂಲಕ ಹುಬ್ಬಳ್ಳಿಗೆ ಕಳಿಸುತ್ತದೆ. ಇಲ್ಲಿಯ ಗಣಕ ಮುಂದಿನ ಮೂರು ದಿನದ ಪ್ರಮಾಣ ಹೇಳುತ್ತದೆ, ನೀಲಾಂಬಿಕಾಳಂಥವರು ಅದನ್ನು ಪರೀಕ್ಷಿಸಿ ವಾಪಸು ಕಳಿಸುತ್ತಾರೆ. ಆರು ದಿನ ಹೊಸ ಪ್ರಮಾಣ ಬರದಿದ್ದರೆ ಡಬ್ಬಿ ನಿಂತುಬಿಡುತ್ತದೆ. ತಪ್ಪು ಪ್ರಮಾಣದಲ್ಲಿ ಓಡುವುದಕ್ಕಿಂತ ನಿಲ್ಲುವುದೇ ಕ್ಷೇಮ, ಅಷ್ಟರಲ್ಲಿ ರೋಗಿ ಆಸ್ಪತ್ರೆ ಸೇರಿಕೊಳ್ಳಬಹುದು ಎಂದು ಅದನ್ನು ತಯಾರಿಸಿದವರು ಎಣಿಸಿದ್ದರು.

ಆ ಹದಿಮೂರು ದಿನಗಳಲ್ಲಿ ಜಗತ್ತಿನ ಕಂಪನಿಗಳು ಬಾರ್ಗಾನಿನಿಂದ ಒಂದರ ಹಿಂದೊಂದು ಹೊರಬಿದ್ದಿದ್ದವು. ಮೊದಲು ಎಣ್ಣೆಯವರು, ಆಮೇಲೆ ವಿಮಾನದವರು, ವಿಮೆಯವರು, ಕಾರಿನ ಕಾರ್ಖಾನೆಗಳು, ಕಡೆಗೆ ಕಾಫಿ ಅಂಗಡಿಗಳು. ಯಾರು ಮೊದಲು ಬಿಟ್ಟರು ಎನ್ನುವುದೇ ಟಿವಿಯಲ್ಲಿ ಸುದ್ದಿ. ಸರ್ಕಾರಗಳು ನಿರ್ಬಂಧದ ಪಟ್ಟಿಗೆ ದಿನಕ್ಕೊಂದು ಹಾಳೆ ಸೇರಿಸುತ್ತಿದ್ದವು. ದೆಹಲಿ ಮೊದಲ ವಾರ ಕಳವಳ ವ್ಯಕ್ತಪಡಿಸಿತು, ಎರಡನೆಯ ವಾರ ಪಟ್ಟಿಗೆ ಸಹಿ ಹಾಕಿತು. ಔಷಧಿಗೆ ವಿನಾಯಿತಿ ಇತ್ತು. ದೂರದಿಂದ ಕೊಡುವ ವೈದ್ಯಕೀಯ ಸೇವೆ ಔಷಧಿಯೋ ಅಲ್ಲವೋ ಎಂದು ಯಾವ ಹಾಳೆಯೂ ಹೇಳಿರಲಿಲ್ಲ.

ನೀಲಾಂಬಿಕಾಳಿಗೆ ಇದೆಲ್ಲ ಸರಿಯೆಂದೇ ಅನ್ನಿಸಿತ್ತು. ಲೆವಿನಾದ ಹೆಂಗಸರು ಬೆಕ್ಕಿನ ಪಂಜರ, ಕಂಬಳಿ ಹಿಡಿದು ಸೇತುವೆ ದಾಟುವುದನ್ನು ಟಿವಿಯಲ್ಲಿ ನೋಡಿ ಅವಳು ಕ್ಯಾಂಟೀನಿನಲ್ಲಿ, "ಬಾರ್ಗಾನದ್ದು ಎಲ್ಲಾ ಬಂದ್ ಮಾಡಬೇಕ್ರಿ. ಬುದ್ಧಿ ಬರ್ತೈತಿ," ಎಂದಿದ್ದಳು. ಎಲ್ಲರೂ ಹೌದೆಂದಿದ್ದರು.

ಆ ಬುಧವಾರ ಹನ್ನೊಂದು ಗಂಟೆಗೆ ಕೇಂದ್ರದ ಮುಖ್ಯಸ್ಥ ವಾದಿರಾಜ ಕಟ್ಟಿ ತಮ್ಮ ಕೋಣೆಯಿಂದ ಹೊರಗೆ ಬಂದರು. ಐವತ್ತೆಂಟು ವರ್ಷದ, ಸದಾ ಸ್ವೆಟರ್ ತೊಡುವ ಮನುಷ್ಯ. ಕೇಂದ್ರದ ಎಸಿ ಅವರಿಗೆ ಆಗುತ್ತಿರಲಿಲ್ಲ. ಅವರ ಕೈಯಲ್ಲಿ ಒಂದು ಹಾಳೆ ಇತ್ತು.

"ಮೇಲಿನವರ ಆದೇಶ ಬಂದದ," ಎಂದರು. "ಸೋಮವಾರ ಬೆಳಿಗ್ಗೆ ಹತ್ತಕ್ಕ ಬಾರ್ಗಾನಿನ ಮೊಬೈಲ್ ಜಾಲದ ಮ್ಯಾಲಿರೋ ಎಲ್ಲಾ ಡಬ್ಬಿಗೂ ಸೇವೆ ಬಂದ್. ಕಾನೂನಿನ ಪ್ರಕಾರ ಗಿರಾಕಿಗಳಿಗೆ ನೋಟಿಸ್ ಕೊಡಬೇಕು. ಅದನ್ನ ನಾವೇ ಕಳಿಸಬೇಕಂತ."

"ಎಷ್ಟು ಮಂದಿ ಅದಾರ್ರಿ ಸರ್?" ಎಂದು ಯಾರೋ ಕೇಳಿದರು.

"ನಾಲ್ಕು ಸಾವಿರದ ಮುನ್ನೂರು ಚಿಲ್ಲರೆ."

ಸಂಖ್ಯೆ ನೀಲಾಂಬಿಕಾಳಿಗೆ ಸ್ವಲ್ಪ ಹೆಚ್ಚೆನಿಸಿತು. ಬಾರ್ಗಾನಿನಲ್ಲಿ ಮೂರು ಸಾವಿರದ ಒಂಬೈನೂರು ರೋಗಿಗಳಿದ್ದದ್ದು ಅವಳಿಗೆ ನೆನಪಿತ್ತು.

ಕಾರಣ ತಿಳಿದದ್ದು ಮಧ್ಯಾಹ್ನ. ಡಬ್ಬಿಯಲ್ಲೇ ಒಂದು ಸಣ್ಣ ಸ್ಪೀಕರ್ ಇದೆ. ತುರ್ತಿದ್ದರೆ ರೋಗಿ ಕೇಂದ್ರದೊಡನೆ ಮಾತಾಡಬಹುದು. ನೀಲಾಂಬಿಕಾಳ ಮೇಜಿನ ಮೇಲೆ ಅಂಥದೊಂದು ಕರೆ ಬಂತು. ಲೆವಿನಾದ ಗಡಿಯೂರು ಕೆಲ್ಬ್ರಾದಿಂದ, ಯೆಲ್ವಾ ಮೊರೇನ್ ಎಂಬ ಹೆಂಗಸು. ಐವತ್ತೊಂದು ವರ್ಷ, ಶಾಲೆಯಲ್ಲಿ ಭೂಗೋಳದ ಶಿಕ್ಷಕಿ. ಅವಳ ಇಂಗ್ಲಿಷು ನಿಧಾನ, ಸ್ಪಷ್ಟ.

"ಒಂದು ಪ್ರಶ್ನೆ ಇದೆ," ಎಂದಳು. "ನಾಲ್ಕು ದಿನದಿಂದ ನನ್ನ ಡಬ್ಬಿಯ ಪುಟ್ಟ ಪರದೆಯಲ್ಲಿ ಬಾರ್ಗಾನಿನ ಜಾಲದ ಹೆಸರು ಕಾಣಿಸುತ್ತಿದೆ. ಅವರು ನಮ್ಮ ಊರಿನ ಗೋಪುರಗಳನ್ನು ಹಿಡಿದುಕೊಂಡಿದ್ದಾರೆ. ಇದರಿಂದ ನನಗೆ ತೊಂದರೆ ಇದೆಯೇ?"

ನೀಲಾಂಬಿಕಾ ಉತ್ತರಿಸುವ ಮೊದಲು ಪರದೆಯ ಮೇಲೆ ಕೆಲ್ಬ್ರಾ ಊರನ್ನು ಬೇರೆ ಮಾಡಿ ನೋಡಿದಳು. ನಾನೂರ ಹನ್ನೆರಡು ರೋಗಿಗಳು. ಎಲ್ಲರೂ ಲೆವಿನಾದವರು, ಎಲ್ಲರೂ ಈಗ ಬಾರ್ಗಾನಿನ ಜಾಲದ ಮೇಲೆ.

"ನಿಮ್ಮೂರಿನ ಆಸ್ಪತ್ರೆ ನಡೀತಿದೆಯಾ?" ಎಂದು ಕೇಳಿದಳು.

"ಅಲ್ಲಿ ಅವರ ಸೈನಿಕರಿದ್ದಾರೆ. ನಮ್ಮನ್ನು ಬಿಡುವುದಿಲ್ಲ. ಯಾಕೆ ಕೇಳಿದಿರಿ?"

"ನಾನೇ ನಿಮಗೆ ಕರೆ ಮಾಡುತ್ತೇನೆ. ಸಂಜೆಯೊಳಗೆ," ಎಂದಳು ನೀಲಾಂಬಿಕಾ. ಕರೆ ಮುಗಿಸಿ ಕಟ್ಟಿಯವರ ಕೋಣೆಗೆ ಹೋಗಿ ಕೆಲ್ಬ್ರಾದ ವಿಷಯ ಹೇಳಿದಳು.

ಕಟ್ಟಿಯವರು ಮುಖ್ಯ ಕಚೇರಿಯ ಕಾನೂನು ವಿಭಾಗಕ್ಕೆ ಫೋನು ಹಚ್ಚಿದರು. ನೀಲಾಂಬಿಕಾ ಪಕ್ಕದಲ್ಲೇ ನಿಂತಿದ್ದಳು. ಆ ಕಡೆಯ ವಕೀಲ ಬಹಳ ಮರ್ಯಾದೆಯಿಂದ ಮಾತಾಡಿದ. ಪಟ್ಟಿ ಜಾಲದ ಪ್ರಕಾರ ತಯಾರಾಗಿದೆ, ಊರಿನ ಪ್ರಕಾರ ಅಲ್ಲ. ಆ ಜಾಲಕ್ಕೆ ಒಂದು ಪೈಸೆ ಸಂದರೂ ಕಂಪನಿಯ ಮೇಲೆ ಮೂರು ಸರ್ಕಾರಗಳು ಮೊಕದ್ದಮೆ ಹೂಡಬಹುದು. ವಿನಾಯಿತಿಗೆ ಅರ್ಜಿ ಹಾಕಿದ್ದೇವೆ, ಉತ್ತರಕ್ಕೆ ಎರಡು ಮೂರು ತಿಂಗಳು ಹಿಡಿಯಬಹುದು. ನಮ್ಮ ಕಂಪನಿ ಸಂಪೂರ್ಣವಾಗಿ ಲೆವಿನಾದ ಜನರ ಪರವಾಗಿದೆ ಎಂದು ಅವನು ಎರಡು ಸಲ ಹೇಳಿದ.

ಕಟ್ಟಿಯವರು ಫೋನಿಟ್ಟರು. "ಅವಂದೂ ತಪ್ಪಿಲ್ಲ, ನೀಲಾಂಬಿಕಾ. ಅವಗ ಕೊಟ್ಟ ಕಾಗದ ಅವ ಓದಿದ."

"ಅವ್ರ ಪರವಾಗಿ ಅಂತ ಹೇಳಿ ಮೊದಲ ಅವರ್ನ ಕೊಲ್ಲೂದ್ರಿ?"

"ಕೊಲ್ಲೂದು ಅನಬ್ಯಾಡ್ರಿ," ಎಂದರು ಕಟ್ಟಿ. ಆದರೆ ದನಿಯಲ್ಲಿ ಬಲವಿರಲಿಲ್ಲ.

ನಾಲ್ಕು ಗಂಟೆಗೆ ಪಾಳಿ ಮುಗಿಸಿ ನೀಲಾಂಬಿಕಾ ಕೇಶ್ವಾಪುರದ ಮನೆಗೆ ಬಂದಳು. ಗಂಡ ಶಿವಯೋಗಿ ರೈಲ್ವೆಯಲ್ಲಿ ಗಾರ್ಡ್, ವಾಸ್ಕೋ ಕಡೆ ಡ್ಯೂಟಿಗೆ ಹೋಗಿದ್ದ. ಮಾವ ಗುರುಸಿದ್ದಪ್ಪ ಕಟ್ಟೆಯ ಮೇಲೆ ಕುಳಿತು ಕುಕ್ಕರಿನ ಹಿಡಿಕೆಗೆ ಸ್ಕ್ರೂ ಬಿಗಿಯುತ್ತಿದ್ದ. ಬಸ್ ಡಿಪೋದಲ್ಲಿ ಮೂವತ್ತಾರು ವರ್ಷ ಮೆಕ್ಯಾನಿಕ್ ಆಗಿದ್ದವನು. ನಾಲ್ಕು ವರ್ಷದಿಂದ ಅವನ ಸೊಂಟದಲ್ಲೂ ಡಬ್ಬಿ ಇತ್ತು. ಸೊಸೆಯ ಮುಖ ನೋಡಿ ಅವನು ಕುಕ್ಕರನ್ನು ಪಕ್ಕಕ್ಕಿಟ್ಟ.

ಅವಳು ಎಲ್ಲ ಹೇಳಿದಳು. ಅವನು ನಡುವೆ ಬಾಯಿ ಹಾಕದೆ ಕೇಳಿದ. ಆಮೇಲೆ ಅಂಗಿ ಮೇಲೆತ್ತಿ ಡಬ್ಬಿಯ ಬದಿಗೆ ಬೆರಳಿಟ್ಟು ತೋರಿಸಿದ. ಅಲ್ಲಿ ರಬ್ಬರಿನ ಬಿರಡೆಯೊಂದಿತ್ತು.

"ಇದರ ಕೆಳಗೊಂದು ತಿರುವೂ ಗುಂಡಿ ಐತಿ. ಒಂದರಿಂದ ಒಂಬತ್ತರ ತನಕ ಅಂಕಿ ಅದಾವ. ಅದ್ಯಾಕವ್ವಾ?"

"ನೀವ್ಯಾವಾಗ ತಗದು ನೋಡಿದ್ರಿ ಮಾವಾರ?"

"ಡಬ್ಬಿ ಬಂದ ವಾರದಾಗ ನೋಡೀನಿ. ಮಷೀನು ಮೈಮ್ಯಾಲ ಕಟ್ಟಿಕೊಂಡಮ್ಯಾಲೆ ಅದರಾಗ ಏನೇನೈತಿ ಅಂತ ನೋಡಬ್ಯಾಡೇನು?"

ಅದು ಕಾರ್ಖಾನೆಯವರ ಗುಂಡಿ. ಹೊಸ ಡಬ್ಬಿಯನ್ನು ಜಾಲಕ್ಕೆ ಸೇರಿಸುವ ಮೊದಲು ತಂತ್ರಜ್ಞರು ಅದನ್ನು ತಿರುಗಿಸಿ ಕೈಯಿಂದಲೇ ಓಡಿಸಿ ನೋಡುತ್ತಾರೆ. ನೀಲಾಂಬಿಕಾ ತರಬೇತಿಯಲ್ಲಿ ಒಮ್ಮೆ ಓದಿ ಮರೆತಿದ್ದಳು. ಗುಂಡಿ ದಿನಕ್ಕೊಮ್ಮೆ ತಿರುಗುತ್ತಿದ್ದರೆ ಸಾಕು, ಡಬ್ಬಿ ಹುಬ್ಬಳ್ಳಿಯ ಆದೇಶಕ್ಕೆ ಕಾಯುವುದಿಲ್ಲ, ನಿಲ್ಲುವುದೂ ಇಲ್ಲ. ಆದರೆ ಯಾವ ಅಂಕಿಗೆ ತಿರುಗಿಸಬೇಕು? ಹೆಚ್ಚಾದರೆ ಮೈಯ ನೀರು ಇಳಿದು ರಕ್ತದೊತ್ತಡ ಬೀಳುತ್ತದೆ. ಕಡಿಮೆಯಾದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲುತ್ತದೆ.

"ಮಾವಾರ, ಇದು ರೋಗಿ ಕೈಯಾಗ ಕೊಡೂ ವಸ್ತು ಅಲ್ಲ."

"ಹೌದೇಳು. ಆದ್ರ ಕಾಡಾಗ ಬಸ್ ನಿಂತ್ರ ನಾವು ಡಿಪೋದಿಂದ ಜನ ಬರ್ಲಿ ಅಂತ ಕೂತಿಲ್ಲ. ಡ್ರೈವರ್‌ಗ ಫೋನ್ ಮ್ಯಾಲ ಹೇಳ್ತಿದ್ದೆ, ಇಂಥಾ ನಟ್ಟು ಹಿಡಿ, ಅರ್ಧ ಸುತ್ತು ತಿರುವು ಅಂತ. ಅಂವ ಎಂದೂ ನಟ್ಟು ಮುಟ್ಟಿದಾಂವ ಅಲ್ಲ. ಗಾಡಿ ಊರಿಗೆ ಬರ್ತಿತ್ತು." ಸ್ವಲ್ಪ ತಡೆದು ಹೇಳಿದ, "ನನ್ನ ಮ್ಯಾಲ ಮಾಡಿ ನೋಡ್ರಿ ಮೊದಲ. ನೀ ಹೆಂಗೂ ಒಂದ ಮನ್ಯಾಗ ಅದಿ."

ಅವಳು ಬೇಡವೆಂದಳು. ಅವನು ಮತ್ತೆ ಕುಕ್ಕರು ಎತ್ತಿಕೊಂಡ. ಆದರೆ ಬೇರೆ ದಾರಿ ಕಾಣದೆ, ಕತ್ತಲಾಗುವ ಮೊದಲೇ ಅವಳು ಕಟ್ಟಿಯವರಿಗೆ ಫೋನು ಮಾಡಿ, ಆಮೇಲೆ ಕೇಂದ್ರದ ವೈದ್ಯೆ ಫಿರ್ದೌಸ್ ಮುಲ್ಲಾರನ್ನು ಆ ಪರೀಕ್ಷೆಗೆ ಒಪ್ಪಿಸಿದ್ದಳು. ಯೆಲ್ವಾಳಿಗೂ ಕರೆ ಮಾಡಿದಳು. ಸೋಮವಾರ ಏನಾಗಲಿದೆ ಎಂಬುದನ್ನು ಮರೆಮಾಚದೆ ಹೇಳಿದಳು. ಯೆಲ್ವಾ, "ಹೇಳಿದ್ದು ಒಳ್ಳೆಯದಾಯಿತು," ಎಂದಷ್ಟೇ ಅಂದಳು.

ಗುರುವಾರ ಬೆಳಿಗ್ಗೆ ಗುರುಸಿದ್ದಪ್ಪನ ಡಬ್ಬಿಯನ್ನು ಜಾಲದಿಂದ ಬಿಡಿಸಿದರು. ಕಾರ್ಖಾನೆಯ ಕೈಪಿಡಿ ಹದಿನಾಲ್ಕು ಪುಟ. ಡಾಕ್ಟರ್ ಮುಲ್ಲಾ ಅದರಿಂದ ಒಂದು ಕೋಷ್ಟಕ ಮಾಡಿದರು. ರೋಗಿಯ ಬಳಿ ಇರುವ ಸಾಮಾನು ಎಷ್ಟು ಎಂದು ಗುರುಸಿದ್ದಪ್ಪನೇ ಲೆಕ್ಕ ಹೇಳಿದ: ತೂಕದ ಯಂತ್ರ ಇರುತ್ತದೆ, ಬೆರಳು ಇರುತ್ತದೆ, ತಿಂಗಳ ರಕ್ತಪರೀಕ್ಷೆಗೆಂದು ಕೊಟ್ಟ ನೂರು ಬಣ್ಣದ ಪಟ್ಟಿಗಳ ಸೀಸೆ ಇರುತ್ತದೆ. ಬೆಳಿಗ್ಗೆ ಎದ್ದು ತೂಗಬೇಕು. ಕಣಕಾಲನ್ನು ಹೆಬ್ಬೆರಳಿಂದ ಒತ್ತಿ ಗುಳಿ ಬೀಳುತ್ತದೆಯೇ ನೋಡಬೇಕು. ಒಂದು ಹನಿ ರಕ್ತ ಪಟ್ಟಿಗೆ ಹಚ್ಚಿ ಬಣ್ಣ ನೋಡಬೇಕು. ಕೋಷ್ಟಕದಲ್ಲಿ ಅಂಕಿ ಹುಡುಕಿ ಗುಂಡಿ ತಿರುಗಿಸಬೇಕು. "ತೂಕ, ಕಾಲು, ರಕ್ತ, ಗುಂಡಿ," ಎಂದು ಅವನು ನಾಲ್ಕು ಬೆರಳು ಮಡಚಿದ. "ಇಷ್ಟ. ಹದಿನಾಲ್ಕು ಪುಟ ಯಾರು ಓದ್ತಾರ?"

ಮೊದಲ ದಿನ ಎಲ್ಲ ಸರಿಯಾಗಿತ್ತು. ಶುಕ್ರವಾರ ಹನ್ನೊಂದು ಗಂಟೆಗೆ ಪಕ್ಕದ ಮನೆಯಾಕೆ ಕೇಂದ್ರಕ್ಕೆ ಫೋನು ಮಾಡಿದಳು. ನೀಲಾಂಬಿಕಾ ಆಟೋ ಹಿಡಿದು ಓಡಿಬಂದಾಗ ಮಾವ ಅಡುಗೆಮನೆಯ ಹೊಸ್ತಿಲ ಬಳಿ ಗೋಡೆಗೆ ಒರಗಿ ಕುಳಿತಿದ್ದ. ಮೀನಖಂಡ ಹಿಡಿದುಕೊಂಡು ಗಟ್ಟಿಯಾಗಿತ್ತು, ತುಟಿ ಬಿಳಿಚಿತ್ತು. ಜೊತೆಗೆ ಬಂದ ಡಾಕ್ಟರ್ ಮುಲ್ಲಾ ಉಪ್ಪುನೀರು ಕುಡಿಸಿ ಗುಂಡಿಯನ್ನು ಎರಡಕ್ಕೆ ಇಳಿಸಿದರು. ಒಂದು ತಾಸಿಗೆ ಅವನಿಗೆ ಬಣ್ಣ ಮರಳಿತು.

"ಸಾಕು ಮಾವಾರ. ಜಾಲಕ್ಕ ಹಚ್ಚಿಬಿಡ್ತೀನಿ," ಎಂದಳು ನೀಲಾಂಬಿಕಾ. ವಾಸ್ಕೋದಿಂದ ಬರುವ ಗಂಡನಿಗೆ ಏನು ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದ್ದಳು.

"ತಡಿ. ಎಲ್ಲಿ ತಪ್ತು ಅಂತ ನೋಡೂಣು." ಅವನು ಕಣ್ಣು ಮುಚ್ಚಿಕೊಂಡೇ ಬೆಳಗಿನಿಂದ ಮಾಡಿದ್ದನ್ನೆಲ್ಲ ಹೇಳುತ್ತ ಬಂದ. ಎದ್ದೆ, ಬಚ್ಚಲಿಗೆ ಹೋದೆ, ತೂಕ ನೋಡಿದೆ. ಅಲ್ಲಿ ನಿಲ್ಲಿಸಿದ. "ಚೀಲ. ಚೀಲ ಖಾಲಿ ಮಾಡಿರಲಿಲ್ಲ. ತುಂಬಿದ ಚೀಲ ಕಟ್ಟಿಕೊಂಡು ತೂಕದ ಮ್ಯಾಲ ನಿಂತೆ."

ಕೊಳೆನೀರಿನ ಚೀಲದಲ್ಲಿ ಮುಕ್ಕಾಲು ಲೀಟರ್ ಇತ್ತು. ಆ ಭಾರ ಮೈಯ ನೀರೆಂದು ಲೆಕ್ಕಕ್ಕೆ ಬಂದು ಗುಂಡಿ ಮೇಲೇರಿತ್ತು. ಡಾಕ್ಟರ್ ಕೋಷ್ಟಕದ ತಲೆಯ ಮೇಲೆ ಹೊಸ ಸಾಲು ಬರೆದರು: ಮೊದಲು ಚೀಲ ಖಾಲಿ ಮಾಡಿ, ಆಮೇಲೆ ತೂಗಿ. ಶನಿವಾರ ಬೆಳಿಗ್ಗೆ ಗುರುಸಿದ್ದಪ್ಪನ ರಕ್ತ ಜಾಲದಲ್ಲಿದ್ದಾಗ ಇರುತ್ತಿದ್ದಷ್ಟೇ ಚೆನ್ನಾಗಿತ್ತು.

ಕಲಿಸುವುದು ಹೇಗೆಂಬುದು ಉಳಿದಿತ್ತು. ಕಾನೂನು ವಿಭಾಗ ಆ ಜಾಲದ ಮೇಲೆ ಹೊಸ ಸೇವೆ ಯಾವುದನ್ನೂ ಕೊಡಕೂಡದು ಎಂದಿತ್ತು. ಕಟ್ಟಿಯವರು ಆದೇಶದ ಹಾಳೆಯನ್ನು ಮೂರು ಸಲ ಓದಿದರು.

"ನೋಟಿಸ್ ಕೊಡಬೇಕು ಅಂತ ಅದ," ಎಂದರು. "ಸೇವೆ ನಿಂತಮ್ಯಾಲೆ ಗಿರಾಕಿ ಏನು ಮಾಡಬೇಕು ಅಂತ ನೋಟಿಸಿನಾಗ ತಿಳಸಬೇಕು ಅಂತನೂ ಅದ. ನೋಟಿಸ್ ಎಷ್ಟುದ್ದ ಇರಬೇಕು, ಬಾಯಿಲೆ ಹೇಳಬಹುದೋ ಇಲ್ಲೋ, ಎಷ್ಟು ಸಲ ಹೇಳಬಹುದು, ಏನೂ ಬರ್ದಿಲ್ಲ." ಅವರು ಕನ್ನಡಕ ತೆಗೆದು ಸ್ವೆಟರಿಗೆ ಒರೆಸಿದರು. "ಎರಡು ದಿನ ಓದೂವಷ್ಟು ಉದ್ದನ ನೋಟಿಸ್ ಕೊಡೂಣಂತ. ಸಹಿ ನಂದಿರ್ತದ. ನಿಮ್ಮ ಹೆಸರು ಎಲ್ಲೂ ಬರಬಾರದು."

ಓದುವ ದನಿ ಯೆಲ್ವಾಳದು. ನೀಲಾಂಬಿಕಾ ಅವಳಿಗೆ ಇಂಗ್ಲಿಷಿನಲ್ಲಿ ಒಂದು ತಾಸು ಕಲಿಸಿದಳು. ಯೆಲ್ವಾ ತನ್ನ ಡಬ್ಬಿಯ ಗುಂಡಿಯನ್ನು ತಾನೇ ತಿರುಗಿಸಿ ನೋಡಿ, ಅನುಮಾನವಿದ್ದ ಕಡೆಯಲ್ಲೆಲ್ಲ ನಿಲ್ಲಿಸಿ ಕೇಳಿದಳು. ಶನಿವಾರ ಮಧ್ಯಾಹ್ನ ಕೇಂದ್ರದವರು ಕೆಲ್ಬ್ರಾದ ನಾನೂರ ಹನ್ನೆರಡು ಡಬ್ಬಿಗಳ ಸ್ಪೀಕರುಗಳನ್ನೂ ಅವಳ ಡಬ್ಬಿಗೆ ಸೇರಿಸಿದರು. ನೆಲಮಾಳಿಗೆಗಳಲ್ಲಿ, ಕಿಟಕಿಗೆ ಹಲಗೆ ಹೊಡೆದ ಮನೆಗಳಲ್ಲಿ ಕುಳಿತವರ ಸೊಂಟದಿಂದ ಒಬ್ಬ ಶಿಕ್ಷಕಿ ಅವರ ಭಾಷೆಯಲ್ಲೇ ಮಾತಾಡತೊಡಗಿದಳು. ನೀಲಾಂಬಿಕಾಳಿಗೆ ಒಂದು ಶಬ್ದವೂ ಅರ್ಥವಾಗಲಿಲ್ಲ, ಆದರೆ ಪಾಠ ಮಾಡುವವರ ದನಿ ಎಲ್ಲ ಕಡೆಯೂ ಒಂದೇ. ಹೇಳುವುದು, ನಿಲ್ಲಿಸುವುದು, ಯಾರನ್ನೋ ಹೆಸರು ಹಿಡಿದು ಕರೆದು ತಿರುಗಿ ಹೇಳಿಸುವುದು. ಒಬ್ಬ ಮುದುಕ ಏನೋ ತಪ್ಪು ಹೇಳಿದನೆಂದು ಕಾಣುತ್ತದೆ. ಯೆಲ್ವಾ ಅವನಿಂದ ಐದು ಸಲ ಹೇಳಿಸಿದಳು. ಯಾರೋ ನಕ್ಕರು. ಅದಾದ ಮೇಲೆ ದೂರದಲ್ಲಿ ದಪ್ಪನೆಯ ಸದ್ದಾಗಿ ಎಲ್ಲರೂ ಸುಮ್ಮನಾದರು. ಸ್ವಲ್ಪ ತಡೆದು ಅವಳು ನಿಲ್ಲಿಸಿದ್ದಲ್ಲಿಂದ ಮುಂದುವರಿಸಿದಳು.

ಭಾನುವಾರ ಬೆಳಿಗ್ಗೆ ನೀಲಾಂಬಿಕಾ ಕಟ್ಟಿಯವರ ಎದುರು ಬಂದು ನಿಂತಳು.

"ಸರ್, ನೋಟಿಸ್ ಅಂದಮ್ಯಾಲೆ ಎಲ್ಲಾರಿಗೂ ಕೊಡಬೇಕಲ್ರಿ. ಬಾರ್ಗಾನಿನ ಮೂರು ಸಾವಿರದ ಒಂಬೈನೂರು ಮಂದಿಗೂ."

"ಕೊಡಬೇಕು," ಎಂದರು ಕಟ್ಟಿ. ನಿನ್ನೆಯಿಂದ ಅವರೂ ಅದನ್ನೇ ಯೋಚಿಸಿದ್ದರೆಂದು ತೋರುತ್ತಿತ್ತು. "ಅಲ್ಲೂ ಆಸ್ಪತ್ರೆಯೊಳಗ ಡಯಾಲಿಸಿಸ್ ಮಷೀನು ತಗದು ಎಂಟು ವರ್ಷ ಆತು. ಉಳಿದದ್ದು ಎಷ್ಟು ಮಂದಿಗೆ ಸಾಲ್ತದ? ಮೊನ್ನೆ ನೀವೇ ಅಂದಿದ್ದಿರಿ, ಎಲ್ಲಾ ಬಂದ್ ಮಾಡಬೇಕು ಅಂತ."

"ಅಂದಿದ್ದೆನ್ರಿ." ಅವಳು ತಲೆ ತಗ್ಗಿಸಲಿಲ್ಲ. "ಆವಾಗ ಡಬ್ಬಿ ನೆನಪಿಗೆ ಬಂದಿರಲಿಲ್ಲ."

ಯೆಲ್ವಾಳಿಗೆ ಬಾರ್ಗಾನಿನ ಭಾಷೆಯೂ ಚೆನ್ನಾಗಿ ಬರುತ್ತಿತ್ತು. ಗಡಿಯೂರಿನವರೆಲ್ಲ ಚಿಕ್ಕಂದಿನಿಂದ ಎರಡನ್ನೂ ಕಲಿತವರು. ನೀಲಾಂಬಿಕಾ ಅವಳನ್ನು ಕೇಳಿದಳು.

"ಇಲ್ಲ," ಎಂದಳು ಯೆಲ್ವಾ. "ನನ್ನ ಶಾಲೆಯ ಅಂಗಳದಲ್ಲಿ ಅವರ ಟ್ಯಾಂಕು ನಿಂತಿದೆ. ನನ್ನ ಅಕ್ಕನ ಮಗ ಹತ್ತು ದಿನದಿಂದ ಎಲ್ಲಿದ್ದಾನೋ ಗೊತ್ತಿಲ್ಲ. ನೀವು ಕಲಿಸಬೇಡಿ ಎನ್ನುವುದಿಲ್ಲ. ನನ್ನ ಬಾಯಿಂದ ಬೇಡ."

"ಸರಿ," ಎಂದಳು ನೀಲಾಂಬಿಕಾ. ಒತ್ತಾಯ ಮಾಡಲು ತನಗೆ ಹಕ್ಕಿಲ್ಲವೆಂದು ಅವಳಿಗೆ ತಿಳಿದಿತ್ತು.

ಬಾರ್ಗಾನಿನವರಿಗೆ ಅನುವಾದದ ಯಂತ್ರವೇ ಗತಿಯಾಯಿತು. ನೀಲಾಂಬಿಕಾ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅದು ಆ ಭಾಷೆಗೆ ತಿರುಗಿಸಿ ಎಲ್ಲ ಡಬ್ಬಿಗಳಿಗೆ ಕಳಿಸುತ್ತಿತ್ತು. ಒಂದೇ ಜಾಲವಾದ್ದರಿಂದ ಕೆಲ್ಬ್ರಾದ ಡಬ್ಬಿಗಳಲ್ಲೂ ಅದು ಕೇಳಿಸುತ್ತಿತ್ತು. ಇಪ್ಪತ್ತು ನಿಮಿಷವಾಗಿತ್ತೋ ಏನೋ, ಯೆಲ್ವಾಳ ಕರೆ ಬಂತು.

"ನಿಲ್ಲಿಸಿ. ನಿಮ್ಮ ಯಂತ್ರ ತಪ್ಪು ಹೇಳುತ್ತಿದೆ."

"ಏನು ತಪ್ಪು?"

"ಚೀಲ ಖಾಲಿ ಮಾಡಿ, ಆಮೇಲೆ ತೂಗಿ ಎಂದು ನೀವು ನನಗೆ ಹೇಳಿದಿರಿ. ಅದು ಖಾಲಿ ಚೀಲವನ್ನು ತೂಗಿ ಎನ್ನುತ್ತಿದೆ. ಅವರೆಲ್ಲ ಚೀಲ ಬಿಚ್ಚಿ ತಕ್ಕಡಿಯ ಮೇಲೆ ಇಡುತ್ತಿರುವುದು ಕೇಳಿಸುತ್ತಿದೆ. ಅದರ ತೂಕ ಹಿಡಿದು ಗುಂಡಿ ತಿರುಗಿಸಿದರೆ ಏನಾಗುತ್ತದೆ?"

ನೀಲಾಂಬಿಕಾ ಕೂಡಲೆ ಯಂತ್ರವನ್ನು ನಿಲ್ಲಿಸಿದಳು. ತಪ್ಪನ್ನು ತೋರಿಸಿದ್ದಾಯಿತು, ಇನ್ನು ಕರೆ ಮುಗಿಸುತ್ತಾಳೆ ಎಂದುಕೊಂಡಳು ನೀಲಾಂಬಿಕಾ.

"ಇದರಲ್ಲಿ ಇನ್ನೆಷ್ಟು ತಪ್ಪಿದೆಯೋ," ಎಂದಳು ಯೆಲ್ವಾ. ಅವಳ ದನಿಯಲ್ಲಿ ಸಿಟ್ಟೇ ಇತ್ತು. "ತಪ್ಪು ಪಾಠ ಕೇಳಿಕೊಂಡು ಕೂತಿರಲು ನನ್ನಿಂದ ಆಗುವುದಿಲ್ಲ. ನನ್ನ ಡಬ್ಬಿಗೆ ಸೇರಿಸಿ. ನನ್ನ ಹೆಸರು ಹೇಳಬೇಡಿ. ಯಾರೂ ನನಗೆ ಧನ್ಯವಾದ ಹೇಳುವುದು ಬೇಡ. ಅದನ್ನು ಮೊದಲೇ ತಿಳಿಸಿ."

ಅವಳು ಭಾನುವಾರ ಇಡೀ ಹಗಲು ಮಾತಾಡಿದಳು. ಮೊದಲು ತನ್ನವರಿಗೆ ಮತ್ತೊಮ್ಮೆ, ಆಮೇಲೆ ಬಾರ್ಗಾನಿನವರಿಗೆ. ಅವರೊಡನೆ ಮಾತಾಡುವಾಗ ಅವಳು ಯಾರನ್ನೂ ಹೆಸರು ಹಿಡಿದು ಕರೆಯಲಿಲ್ಲ, ಆದರೆ ಪ್ರಶ್ನೆ ಕೇಳಿದವರಿಗೆಲ್ಲ ಉತ್ತರ ಕೊಟ್ಟಳು. ಸಂಜೆಗೆ ಗಂಟಲು ಕಟ್ಟಿತ್ತು.

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ನೀಲಾಂಬಿಕಾ ಅವಳಿಗೆ ಕೊನೆಯ ಕರೆ ಮಾಡಿದಳು.

"ಇವತ್ತು ಎಷ್ಟಕ್ಕೆ ಇಟ್ಟಿರಿ?"

"ನಾಲ್ಕಕ್ಕೆ. ಕಾಲು ಬಾತಿಲ್ಲ."

"ನಾನು ನೋಡಿದ್ದರೂ ನಾಲ್ಕೇ ಹೇಳುತ್ತಿದ್ದೆ."

"ನಿಮ್ಮ ಮಾವ ಹೇಗಿದ್ದಾರೆ?"

"ಆರಾಮ ಇದ್ದಾರೆ. ನಿಮ್ಮನ್ನು ಕೇಳಿದೆನೆಂದು ಹೇಳು ಎಂದರು."

ಕರೆಯನ್ನು ಇಬ್ಬರೂ ಮುಗಿಸಲಿಲ್ಲ. ಹತ್ತು ಗಂಟೆಗೆ ಅದು ತಾನಾಗಿ ಕಡಿದುಹೋಯಿತು. ಪರದೆಯ ಮೇಲೆ ಬಾರ್ಗಾನ್ ಪೂರ್ತಿ ಕಪ್ಪಾಯಿತು, ಜೊತೆಗೆ ಗಡಿಯ ಈಚೆ ಕೆಲ್ಬ್ರಾ ಕೂಡ. ಅದೇ ದಿನ ಕಂಪನಿಯ ಅಧ್ಯಕ್ಷೆ ಟಿವಿಯಲ್ಲಿ, ಇದು ನಮಗೆ ನೋವಿನ ನಿರ್ಧಾರ, ಆದರೆ ನಾವು ನ್ಯಾಯದ ಪರ ನಿಂತಿದ್ದೇವೆ ಎಂದರು. ಅವರ ಕೋಟಿನ ಮೇಲೆ ಲೆವಿನಾದ ಬಾವುಟದ ಬಣ್ಣದ ಪಟ್ಟಿ ಇತ್ತು.

ಏಳು ತಿಂಗಳು ಏನೂ ತಿಳಿಯಲಿಲ್ಲ. ಉದ್ದದ ನೋಟಿಸಿನ ವಿಷಯ ಮುಖ್ಯ ಕಚೇರಿಗೆ ಗೊತ್ತಾಗಿ ವಿಚಾರಣೆ ನಡೆಯಿತು. ಕಟ್ಟಿಯವರು ತಾವೇ ಮಾಡಿದ್ದೆಂದು ಬರೆದುಕೊಟ್ಟು, ನಿವೃತ್ತಿಗೆ ಒಂದೂವರೆ ವರ್ಷ ಇರುವಾಗಲೇ ಕೆಲಸ ಬಿಟ್ಟು ಧಾರವಾಡದ ಮನೆಗೆ ಹೋದರು. ನೀಲಾಂಬಿಕಾ ತನ್ನ ಹೆಸರೂ ಸೇರಿಸಿರೆಂದು ಕೇಳಲು ಹೋದಾಗ, "ಕೇಂದ್ರದಾಗ ಗುಂಡಿ ತಿರುವೂದು ಗೊತ್ತಿದ್ದವರು ಒಬ್ಬರಾದರೂ ಉಳೀಬೇಕಲ್ರಿ," ಎಂದು ಕಳಿಸಿಬಿಟ್ಟರು.

ಕಡೆಗೆ ಕದನವಿರಾಮವಾಯಿತು. ಬಾರ್ಗಾನಿನ ಸೈನ್ಯ ಕೆಲ್ಬ್ರಾದಿಂದ ಹಿಂದೆ ಸರಿಯಿತು. ಎರಡು ಮೂರು ತಿಂಗಳು ಹಿಡಿಯುತ್ತದೆ ಎಂದಿದ್ದ ವಿನಾಯಿತಿಯ ಕಾಗದವೂ ಅದೇ ವಾರ ಬಂತು. ಜಾಲ ತೆರೆದ ಬೆಳಿಗ್ಗೆ ಕೇಂದ್ರದ ಎಲ್ಲರೂ, ರಜೆಯಲ್ಲಿದ್ದವರೂ ಬಂದು ಪರದೆಯ ಮುಂದೆ ನಿಂತರು. ಮಧ್ಯಾಹ್ನದ ಹೊತ್ತಿಗೆ ಕೆಲ್ಬ್ರಾದ ನಾನೂರ ಹನ್ನೆರಡರಲ್ಲಿ ಮುನ್ನೂರ ಐವತ್ತಾರು ಡಬ್ಬಿಗಳು ಉತ್ತರಿಸಿದವು. ಉಳಿದವರಲ್ಲಿ ಕೆಲವರು ಊರು ಬಿಟ್ಟಿದ್ದರು, ಕೆಲವರು ಗುಂಡು ಬಿದ್ದು ಸತ್ತಿದ್ದರು. ಇಪ್ಪತ್ತೆರಡು ಜನ ಗುಂಡಿ ತಿರುಗಿಸುವುದರಲ್ಲಿ ತಪ್ಪಿಯೋ ರಕ್ತಪರೀಕ್ಷೆಯ ಪಟ್ಟಿಗಳು ಮುಗಿದೋ ಸತ್ತರೆಂದು ಆಮೇಲೆ ಗೊತ್ತಾಯಿತು. ಬಾರ್ಗಾನಿನಲ್ಲಿ ಮುನ್ನೂರಕ್ಕೂ ಹೆಚ್ಚು. ನೀಲಾಂಬಿಕಾ ಆ ಹೆಸರುಗಳನ್ನೆಲ್ಲ ಓದಿದಳು, ಎರಡೂ ಕಡೆಯವರದು.

ಕಂಪನಿ ಒಂದು ಹೇಳಿಕೆ ಹೊರಡಿಸಿತು. ಯುದ್ಧಕಾಲದಲ್ಲೂ ರೋಗಿಗಳಿಗೆ ಸ್ವಾವಲಂಬನೆಯ ತರಬೇತಿ ಕೊಟ್ಟ ಹೆಮ್ಮೆಯ ಸಂಸ್ಥೆ ಎಂದು ಅದರಲ್ಲಿತ್ತು. ಕಟ್ಟಿಯವರ ಹೆಸರಿರಲಿಲ್ಲ.

ಮತ್ತೆ ಜಾಲಕ್ಕೆ ಸೇರಲು ಪ್ರತಿಯೊಬ್ಬ ರೋಗಿಯ ಒಪ್ಪಿಗೆ ಬೇಕಿತ್ತು. ಯೆಲ್ವಾಳಿಗೆ ನೀಲಾಂಬಿಕಾ ತಾನೇ ಕರೆ ಮಾಡಿದಳು. ದನಿ ಕೇಳಿದೊಡನೆ ಇಬ್ಬರೂ ಸ್ವಲ್ಪ ಹೊತ್ತು ಅತ್ತರು. ಅಕ್ಕನ ಮಗ ಸಿಕ್ಕಿದ್ದ. ಒಂದು ಕಿವಿ ಕೇಳುತ್ತಿರಲಿಲ್ಲ, ಆದರೆ ಬದುಕಿದ್ದ. ಪಟ್ಟಿಗಳು ಮುಗಿಯುತ್ತ ಬಂದಾಗ ಅವಳು ಒಂದೊಂದನ್ನೂ ಕತ್ತರಿಯಿಂದ ಉದ್ದಕ್ಕೆ ಮೂರು ಮಾಡಿ ಊರಿನವರಿಗೆ ಹಂಚಿದ್ದಳು. ಎಲ್ಲ ಕೇಳಿದ ಮೇಲೆ ನೀಲಾಂಬಿಕಾ, "ಈಗ ಮತ್ತೆ ನಾನೇ ನೋಡಿಕೊಳ್ಳುತ್ತೇನೆ. ಒಪ್ಪಿಗೆ ಒತ್ತಿಬಿಡಿ," ಎಂದಳು.

"ಒತ್ತುವುದಿಲ್ಲ," ಎಂದಳು ಯೆಲ್ವಾ. "ನೀವು ಬೇಸರ ಮಾಡಿಕೊಳ್ಳಬೇಡಿ. ಇಲ್ಲಿ ಸುಮಾರು ಇನ್ನೂರು ಜನ ಹಾಗೆಯೇ ನಿರ್ಧರಿಸಿದ್ದೇವೆ."

ನ್ಯಾಯವಾಗಿ ನೋಡಿದರೆ ಬೇಸರಪಡುವ ಮಾತಲ್ಲ. ಆದರೂ ಮನೆಗೆ ಹೋಗುವವರೆಗೂ ನೀಲಾಂಬಿಕಾಳ ಮನಸ್ಸಿಗೆ ಅದು ಚುಚ್ಚುತ್ತಿತ್ತು. ಮಾವನೆದುರು ಹೇಳಿಕೊಂಡಳು. "ಗಣಕ ಹಾಕೂ ಪ್ರಮಾಣ ಅವ್ರ ಕೈಲೆ ಹಾಕೂದಕ್ಕಿಂತ ಛಲೋ ಇರ್ತೈತಿ ಮಾವಾರ. ಅಷ್ಟು ಹೇಳಿದ್ರೂ ಬ್ಯಾಡ ಅಂತಾಳ. ನೀವಾದ್ರ ಆವಾಗ ಪರೀಕ್ಷೆ ಮುಗಿದ ಮರುದಿನ ಮತ್ತ ಜಾಲಕ್ಕ ಸೇರಿದ್ರಿ."

ಗುರುಸಿದ್ದಪ್ಪ ಚಹಾದ ಬಟ್ಟಲು ಕೆಳಗಿಟ್ಟ.

"ನನಗ ಆ ತುದಿಗೆ ನೀ ಅದಿಯವ್ವಾ. ಸಂಜಿಗೆ ಮನಿಗೂ ಬರ್ತಿ. ಅಕಿಗೆ ಆ ತುದಿಗೆ ಯಾರದಾರ? ಕಂಪನಿ."

"ನಾನ ಇದ್ನಲ್ರಿ."

"ಇದ್ದಿ. ನಿನ್ನ ಕೈಯಾಗ ಏನಿತ್ತು, ಹೇಳು."

ಅವಳು ಖಾಲಿ ಬಟ್ಟಲನ್ನು ಎತ್ತಿಕೊಂಡಳು. ಅವನೂ ಮುಂದೆ ಕೆದಕದೆ, ರೈಲಿನ ಹೊತ್ತಾಯಿತು, ಶಿವಯೋಗಿ ಬರುತ್ತಾನೆ, ಅನ್ನಕ್ಕಿಡು ಎಂದ.

ಮರುದಿನ ಅವಳು ಯೆಲ್ವಾಳಿಗೆ ಮತ್ತೆ ಕರೆ ಮಾಡಿದಳು. ನಿಮ್ಮ ತೀರ್ಮಾನ ನನಗೆ ಅರ್ಥವಾಗಿದೆ, ಕಾಗದಪತ್ರ ನಾನೇ ಮುಗಿಸುತ್ತೇನೆ ಎಂದಳು. ಯೆಲ್ವಾ ಅದಕ್ಕೇ ಕಾಯುತ್ತಿದ್ದವಳಂತೆ ಬೇರೆ ಮಾತು ತೆಗೆದಳು.

"ನಿಮ್ಮಿಂದ ಒಂದು ಸಹಾಯ ಬೇಕು. ನೀವು ಕೊಟ್ಟ ಕೋಷ್ಟಕ ನಲವತ್ತು ಕಿಲೋದಿಂದ ಶುರುವಾಗುತ್ತದೆ. ಅದಕ್ಕಿಂತ ಹಗುರಾದವರಿಗೆ ನಾನು ಅಂದಾಜಿನಿಂದ ಹೇಳುತ್ತಿದ್ದೇನೆ. ಅದು ಸರಿಯಲ್ಲ. ಗಡಿಯ ಸೇತುವೆಯ ಆಚೆಯಿಂದ ಇಬ್ಬರು ಮಕ್ಕಳನ್ನು ಕರೆತರುತ್ತಾರೆ, ವಾರಕ್ಕೆರಡು ಸಲ. ಒಂದಕ್ಕೆ ಇಪ್ಪತ್ತಾರು ಕಿಲೋ, ಒಂದಕ್ಕೆ ಮೂವತ್ತೊಂದು."

ಸೇತುವೆಯ ಆಚೆ ಇರುವುದು ಬಾರ್ಗಾನ್. ನೀಲಾಂಬಿಕಾ ಅದನ್ನು ಎತ್ತಲಿಲ್ಲ, ಯೆಲ್ವಾಳೂ ವಿವರಿಸಲಿಲ್ಲ.

"ಕಾಲು ಬಾಯುತ್ತದೆಯೇ ಅವರದು?" ಎಂದು ಕೇಳಿದಳು.

"ಚಿಕ್ಕದಕ್ಕೆ ಬೆಳಗಿನ ಹೊತ್ತು ಮುಖ ಬಾಯುತ್ತದೆ."

ನೀಲಾಂಬಿಕಾ ಡಾಕ್ಟರ್ ಮುಲ್ಲಾರನ್ನು ತನ್ನ ಮೇಜಿನ ಬಳಿಗೆ ಕರೆದಳು. ಬಿಳಿ ಹಾಳೆಯೊಂದನ್ನು ಎಳೆದುಕೊಂಡು, ಹದಿನೈದು ಕಿಲೋದಿಂದ ಕೋಷ್ಟಕದ ಗೆರೆ ಹಾಕಲು ಶುರುಮಾಡಿದಳು.